ಅರ್ಧಕ್ಕೆ ತುಂಡಾದ ದನಿ

“ಕಾಲು ಮಡಚಲೇ ಸಂಗು. ಈಗ ಮಡಚಲಿಲ್ಲಂದ್ರ ಸಂಜೀ ಮಟ ಹೊಡದಾಡಿದ್ರೂ ಮಡಚೂದಿಲ್ಲ” ಎಂದು ಶಿದ್ಲಿಂಗಪ್ಪ ಹೆಣದ ಮೊಣಕಾಲುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಸಂಗನಬಸವ ಅಪ್ಪನ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿ ಪಡಸಾಲೆಯ ಗೋಡೆಗೆ ಆನಿಸಿದ. ಕೂರಿಸಿದ್ದಾಯಿತು. ಆದರೆ ಅಂದಾನೆಪ್ಪನ ತಲೆ ನಿಲ್ಲಲಿಲ್ಲ. ಬಲಕ್ಕೆ ವಾಲಿತು. ನೆಟ್ಟಗೆ ಮಾಡಿದರೆ ಎದೆಯ ಮೇಲೆ ಬಿತ್ತು.

“ಹಗ್ಗ ಕೊಡ್ರಿ ಯಾರರ.”

ಹಗ್ಗ ಹುಡುಕುವಷ್ಟು ತಾಳ್ಮೆ ಸಂಗನಬಸವನಿಗಿರಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಮೈಕಿನ ಕರಿ ವೈರು ಕೈಗೆ ಸಿಕ್ಕಿತು. ಅದನ್ನೇ ಅಪ್ಪನ ಎದೆಗೆ ಬಳಸಿ ಗೋಡೆಯ ಗೂಟಕ್ಕೆ ಕಟ್ಟತೊಡಗಿದ.

“ಜೀವ ಇರೂ ಮಟ ಇಂವ ವೈರ್ ಎಳದಾ. ಈಗ ವೈರ್ ಇವನ್ನ ಎಳ್ಯಾಕ ಹತ್ತೇತಿ ನೋಡು” ಎಂದ ಶಿದ್ಲಿಂಗಪ್ಪ. ಸತ್ತವನ ಚಡ್ಡಿ ದೋಸ್ತ ಅವನು, ಅಷ್ಟು ಹೇಳುವ ಹಕ್ಕಿತ್ತು. ಆದರೆ ಯಾರೂ ನಗಲಿಲ್ಲ.

ಒಳಬಾಗಿಲಲ್ಲಿ ನಿಂತಿದ್ದ ನೀಲಕ್ಕ ಎರಡು ಹೆಜ್ಜೆ ಮುಂದೆ ಬಂದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

“ಬಿಚ್ಚೋ ಅದನ್ನ. ಆ ಮೈಕಿನ ಕಸಬ ಅವರ ಕುತಿಗೀಗೆ ಸುತ್ತಿ ಜೀವಾ ತಗದೈತಿ. ಸತ್ತ ಮ್ಯಾಲೂ ಅದ ಬೇಕೇನು?” ಮಗ ಬಿಚ್ಚಿದ. “ರೋಹಿಣಿ, ಟ್ರಂಕಿನ್ಯಾಗ ನಂದೊಂದು ಹಳೇ ಸೀರಿ ಐತಿ. ಹರಿ ಅದನ್ನ.”

ಸೊಸೆ ರೋಹಿಣಿ ಸೀರೆ ತಂದು ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ನೀಲಕ್ಕ ಪಟ್ಟಿಯನ್ನು ಗಂಡನ ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು. ಗಂಟು ಹಾಕುತ್ತ, ಬೇರೆ ಯಾರಿಗೂ ಅಲ್ಲ, ಅವನಿಗೇ ಹೇಳುವಂತೆ ಹೇಳಿದಳು: “ನಿಮ್ಮ ದನಿ ಹೊರಗ ಹಾಕಿದವ್ರು ಯಾರ ಇರವಲ್ರ್ಯಾಕ, ಅವರ ಬಾಯಾಗ ಮಣ್ಣ ಬೀಳಲಿ. ಇವತ್ತ ಮಣ್ಣಿಗೆ ಬರ್ತಾರ ಅವ್ರು. ಮಾಡಿದವ್ರು ನೋಡಾಕ ಬರದ ಇರಾಂಗಿಲ್ಲ. ಬರ್ಲಿ. ಮಾರಿ ನೋಡಿ ಗುರ್ತ ಹಿಡೀತೀನಿ.”

ಆ ದನಿಯನ್ನು ಹೊರಗೆ ಹಾಕಿದ ಕೈ ಅವಳ ಪಕ್ಕದಲ್ಲೇ ಕೂತು ಸೀರೆಯ ಎರಡನೆಯ ಪಟ್ಟಿ ಹರಿಯುತ್ತಿತ್ತು.

*

ಬಾಗಿಲ ಮುಂದೆ ಶಾಮಿಯಾನ ಹಾಕಿ ಜಮಖಾನೆ ಹಾಸಿದ್ದರು. ಶಾಮಿಯಾನವೂ ಅಂದಾನೆಪ್ಪನದೇ, ಜಮಖಾನೆಯೂ ಅಂದಾನೆಪ್ಪನದೇ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಮದುವೆಗಾಗಲಿ ತಿಥಿಗಾಗಲಿ, ಯಾವ ಪಕ್ಷದ ಸಭೆಗಾಗಲಿ ಮೈಕು ಕಟ್ಟಿ ಜಮಖಾನೆ ಹಾಸುತ್ತಿದ್ದವನು ಅವನು. ಆ ಕೆಂಪು ನೀಲಿ ಪಟ್ಟೆಗಳ ಮೇಲೆ ಕೂರದ ಮನುಷ್ಯ ಊರಲ್ಲಿರಲಿಲ್ಲ. ಇವತ್ತು ಒಬ್ಬರೂ ಕೂತಿರಲಿಲ್ಲ. ಬಂದವರೆಲ್ಲ ಓಣಿಯ ಆಚೆ ಬದಿಯ ಕಟ್ಟೆಗೆ ಬೆನ್ನು ಹಚ್ಚಿ ನಿಂತಿದ್ದರು. ಸಾವಿಗೆ ಬರದಿದ್ದರೆ ತಪ್ಪು, ಬೇಹುಗಾರನ ಹಾಸಿಗೆಯ ಮೇಲೆ ಕೂತರೆ ಇನ್ನೂ ದೊಡ್ಡ ತಪ್ಪು.

“ಕುಬೇರಪ್ಪ, ಖರೇ ಹೇಳು” ಎಂದಳು ಮಲ್ಲಕ್ಕ. ಓಣಿಯ ತುದಿಯಲ್ಲಿ ಮಂಡಕ್ಕಿ ಅಂಗಡಿ ಇಟ್ಟಿದ್ದ ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ. “ಅವನ ಹೆಸರು ಹೊರಗ ಬಂದ ಮ್ಯಾಲ ಊರಾಗಿನ ಶಾಮಿಯಾನ ಎಲ್ಲಾ ನಿಂದ ಆತು. ನೀನ ಯಾರಿಗರ ಚಾ ಕುಡಿಸಿ ಆ ಕ್ಲಿಪ್ ತಗಿಸಿದ್ದಿಲ್ಲಲಾ?”

“ಏ ಹುಚ್ಚವ್ವಾ, ನನ್ನ ಕೈಯಾಗ ಸರಕಾರ ಐತೇನ? ಸರಕಾರದ ಕಂಪ್ಯೂಟರ್‌ನ್ಯಾಗಿಂದ ಬಂದದ್ದದು.”

“ಸರಕಾರನ ತನ್ನ ಮನಶ್ಯಾನ ಹೆಸರು ಯಾಕ ಹೊರಗ ಹಾಕತೈತಿ?”

“ಕಂಪನಿಯವ್ರು ಮಂತ್ರಿಗೆ ಹೇಳ್ಯಾರ, ಮಂತ್ರಿ ಆಫೀಸಿಗೆ ಹೇಳ್ಯಾನ. ಊರವ್ರು ತಮ್ಮ ತಮ್ಮಾಗ ಬಡದಾಡಿಕೊಂಡ್ರ ಸೋಲಾರ್ ಪ್ಲಾಂಟಿಗೆ ಅಡ್ಡಿ ಮಾಡಾಕ ಯಾರೂ ಇರಾಂಗಿಲ್ಲಂತ. ಆತಲಾ? ಈಗ ಎರೀ ಹೊಲದ ತುಂಬ ಕರೀ ಗಾಜು ನಿಂತಾವು.”

“ನನಗ ಕೇಳಿದ್ರ, ಲಾಠಿ ಚಾರ್ಜಿನ ವಿಚಾರಣೆ ಹೊತ್ತಿಗೆ ಸರಿಯಾಗಿ ಬಂತು ನೋಡ್ರಿ ಅದು” ಎಂದ ಶಿದ್ಲಿಂಗಪ್ಪ, ಒಳಗಿನಿಂದ ಬಂದು ಕೈ ಒರೆಸಿಕೊಳ್ಳುತ್ತ. “ಅಂದಾನೆಪ್ಪ ಸಾಕ್ಷಿ ಹೇಳಾವಿದ್ದಾ. ಹೇಳಾಕ ಬಿಡಲಿಲ್ಲ.”

“ಯಾರು ಬಿಡಲಿಲ್ಲ? ನಾವ ಬಿಡಲಿಲ್ಲ” ಎಂದಳು ಮಲ್ಲಕ್ಕ. ವಿಚಾರಣೆ ನಡೆದ ಸರಕಾರಿ ಬಂಗಲೆಯ ಗೇಟಿನಲ್ಲಿ, ಸಾಕ್ಷಿ ಹೇಳಲು ಬಂದ ಅವನ ಮೇಲೆ ಸೆಗಣಿ ಎರಚಿದವರಲ್ಲಿ ಒಂದಿಬ್ಬರು ಅಲ್ಲೇ ನಿಂತಿದ್ದರು.

ಎಲ್ಲರಿಗಿಂತ ದೂರ, ಬೇವಿನ ಗಿಡದ ಕೆಳಗೆ ಒಬ್ಬ ಯುವಕ ನಿಂತಿದ್ದ. ಕರಿ ಕನ್ನಡಕ ಹಾಕಿದ್ದ. ಅವನು ರೋಹಿಣಿಯ ತಮ್ಮ ಈರೇಶ. ಹೋದ ವರ್ಷ ಕ್ರಾಸಿನಲ್ಲಿ ಸೋಲಾರ್ ಪ್ಲಾಂಟಿನ ವಿರುದ್ಧ ರಸ್ತೆ ತಡೆದು ಕೂತವರ ಮೇಲೆ ಪೊಲೀಸರು ಲಾಠಿ ಬೀಸಿದಾಗ ಅವನ ಎಡಗಣ್ಣು ಹೋಯಿತು. ಅದಾದ ವಾರದಲ್ಲಿ ಎಲ್ಲರ ಮೊಬೈಲಿಗೂ ಆ ಕ್ಲಿಪ್ ಬಂತು. ದನಿ ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಊರಿನ ಎಲ್ಲ ಸಭೆಗಳೂ ಆ ದನಿಯಿಂದಲೇ ಶುರುವಾಗುತ್ತಿದ್ದವು.

‘ಹಳದಿ ಅಂಗಿ ಹಾಕ್ಕೊಂಡಿರ್ತಾನ್ರಿ ಸಾಹೇಬ್ರ. ಈರೇಶ ಅಂತ ಹೆಸರು. ಅಂವನ ಎಲ್ಲಾರಕಿಂತಾ ಮುಂದ ಕುಂದ್ರಾಂವ.’

ಅಷ್ಟೇ ಇತ್ತು ಅದರಲ್ಲಿ.

*

ಅಂದಾನೆಪ್ಪ ಮೈಕಿಗೆ ಊದುತ್ತಿರಲಿಲ್ಲ. ಊದುವವರನ್ನು ಕಂಡರೆ ಅವನಿಗೆ ಸಿಟ್ಟು. “ಅದೇನ್ ಒಲೀ ಏನು?” ಎನ್ನುತ್ತಿದ್ದ. ಉಗುರಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟಿ, ಕೊನೆಯ ಸಾಲಿನತ್ತ ನೋಡಿ, “ಹಿಂದಿನವ್ರಿಗೆ ಕೇಳಸ್ತೈತಿ?” ಎಂದು ಕೇಳುತ್ತಿದ್ದ. ಹಿಂದಿನ ಸಾಲಿನಿಂದ ಯಾರಾದರೊಬ್ಬರು ಕೈ ಎತ್ತುವವರೆಗೆ ಮೈಕು ಕೊಡುತ್ತಿರಲಿಲ್ಲ, ಎದುರಿಗೆ ಶಾಸಕರೇ ಕೈ ಚಾಚಿ ನಿಂತಿದ್ದರೂ. ಆಮೇಲೆ ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದೆ ಕೂತುಬಿಟ್ಟರೆ ಅವನೊಬ್ಬ ಇದ್ದಾನೆಂಬುದೇ ಮಂದಿಗೆ ಮರೆತುಹೋಗುತ್ತಿತ್ತು.

ಮರೆಯದವನು ಒಬ್ಬನಿದ್ದ. ಆಗ ಭೀಮೇಶ ಹೊಸದಾಗಿ ಬಂದ ಪೇದೆ, ಮಫ್ತಿಯಲ್ಲಿ ತಿರುಗುತ್ತಿದ್ದ. ಗಣಪತಿ ಹಬ್ಬದಲ್ಲಿ ಹೊತ್ತು ಮೀರಿ ಹಾಡು ಹಾಕಿದ್ದಕ್ಕೆ ಮೈಕು ಜಪ್ತಿ ಮಾಡಲು ಬಂದವನು ಜಪ್ತಿ ಮಾಡಲಿಲ್ಲ. ಪಕ್ಕದಲ್ಲಿ ಕೂತು ಚಹಾ ಕುಡಿದ.

“ನೀವು ಎಲ್ಲಾ ಸಭಾಕ್ಕೂ ಇರ್ತೀರಿ. ಏನ್ ಮಾತಾಡಿದ್ರು ಅಂತ ನಮಗೊಂದೀಟು ಹೇಳಿದ್ರ ಸಾಕು.”

“ಮೈಕಿನ್ಯಾಗ ಮಾತಾಡಿದ್ದು ಊರಿಗೆಲ್ಲಾ ಕೇಳಸ್ತೈತೆಲ್ರಿ. ನಾ ಏನ್ ಹೇಳೂದು?”

“ಮೈಕ್ ಬಂದ್ ಮಾಡಿದ ಮ್ಯಾಲ ಏನ್ ಮಾತಾಡ್ತಾರ, ಅದು.”

ಮೊದಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಆ ವರ್ಷವೇ ಎರಡು ಓಣಿಯವರು ಮೆರವಣಿಗೆಯ ದಾರಿಗಾಗಿ ಬಡಿಗೆ ಕೂಡಿಡುತ್ತಿರುವುದು ಕಿವಿಗೆ ಬಿತ್ತು. ಹೇಳಿದ. ಮರುದಿನ ಪೊಲೀಸರು ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಮೆರವಣಿಗೆ ಬಂದು ಹೋಯಿತು. ಒಬ್ಬರಿಗೂ ಏಟು ಬೀಳಲಿಲ್ಲ. ಮುಂಚೆಯೇ ಹೇಳಿದರೆ ಯಾರಿಗೂ ಏಟು ಬೀಳುವುದಿಲ್ಲ ಎಂಬುದು ಅಂದು ಅವನ ತಲೆಯಲ್ಲಿ ಕೂತಿತು. ಎಷ್ಟೋ ವರ್ಷ ಅದು ಸುಳ್ಳಾಗಲೂ ಇಲ್ಲ.

ಸಂಗನಬಸವನ ಮದುವೆಯಾಗಿ, ಸೊಸೆ ಕಂಪ್ಯೂಟರ್ ಕಲಿತವಳೆಂದು ಗೊತ್ತಾದಾಗ, ಅವನು ಭೀಮೇಶನ ಹತ್ತಿರ ಒಂದೇ ಒಂದು ಮಾತು ಕೇಳಿದ. ರೋಹಿಣಿಗೆ ಹುಬ್ಬಳ್ಳಿಯಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಮಾವನಿಗೆ ಯಾರ ಪರಿಚಯವಿತ್ತೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

*

ಬೋರ್ಡಿಲ್ಲದ ಪೊಲೀಸ್ ಆಫೀಸು ಅದು. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಫೋನಿನಲ್ಲಿ ಬಂದ ಸುದ್ದಿಗಳನ್ನು ಕೇಳಿ ಟೈಪು ಮಾಡುವುದು ರೋಹಿಣಿಯ ಕೆಲಸ. ಹೆಸರಿರದ ದನಿಗಳು. ಒಳಗೆ ಹೋಗುವಾಗ ಎಲ್ಲರೂ ಬಾಗಿಲ ಬಳಿಯ ಮರದ ಪೆಟ್ಟಿಗೆಯಲ್ಲಿ ಮೊಬೈಲು ಹಾಕಿ ಹೋಗಬೇಕು. ಅದು ಸಾಹೇಬರಿಗೂ ಬಿಟ್ಟಿದ್ದಲ್ಲ.

ಈರೇಶ ಆಸ್ಪತ್ರೆಯಲ್ಲಿದ್ದ ದಿನಗಳವು. ಒಂದು ಮಧ್ಯಾಹ್ನ, ಈಗ ಅಲ್ಲಿಯ ಸಾಹೇಬನಾಗಿದ್ದ ಭೀಮೇಶ ತಾನೇ ಅವಳ ಟೇಬಲ್ಲಿಗೆ ಬಂದ.

“ತಮ್ಮಗ ಹ್ಯಾಂಗೈತ್ರಿ ಈಗ?”

“ಕಣ್ಣು ಬರೂದಿಲ್ಲಂದ್ರು ಸರ್.”

“ಛೇ, ಛೇ. ನಿಮ್ಮ ಮೊಬೈಲ್ ತಂದ ಬಾಜೂಕ ಇಟಗೊಳ್ರಿ. ಆಸ್ಪತ್ರಿಯಿಂದ ಫೋನ್ ಬಂದ್ರ? ನಾ ಹೇಳೇನಿ ಅಂತ ಹೇಳ್ರಿ.” ಒಂದು ಪೆನ್ ಡ್ರೈವ್ ಇಟ್ಟ. “ಇದೊಂದು ಸಣ್ಣದೈತಿ. ಅರ್ಜೆಂಟ್ ಏನಿಲ್ಲ. ನಾ ಊಟಕ್ಕ ಹೋಗಿ ಬರ್ತೇನಿ.”

ಅವನ ಒಳ್ಳೆಯತನಕ್ಕೆ ಅವಳ ಕಣ್ಣು ತುಂಬಿತು. ಆಮೇಲೆ ಹೆಡ್‌ಫೋನು ಹಾಕಿಕೊಂಡಳು.

ಮಾವನ ದನಿ. ಹಿಂದೆ ಧಪ್, ಧಪ್ ಎಂದು ಏನೋ ಬಡಿಯುವ ಸದ್ದು. ಹಳದಿ ಅಂಗಿ ಎಂಬ ಮಾತು. ಅದು ತನ್ನ ಮದುವೆಯಲ್ಲಿ ಈ ಮನೆಯಿಂದಲೇ ಈರೇಶನಿಗೆ ಕೊಟ್ಟ ಅಂಗಿ. ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದಿದ್ದರು. ಕ್ಲಿಪ್ಪಿನ ಕೊನೆಯಲ್ಲಿ ಒಂದು ಧಪ್ ಅರ್ಧಕ್ಕೆ ನಿಂತಿತ್ತು. ದಿನವೂ ದನಿಗಳನ್ನು ಕೇಳುವ ಅವಳ ಕಿವಿಗೆ ಆ ಅರ್ಧ ಏಟು ತಟ್ಟಿತು. ಆದರೆ ಸಿಟ್ಟು ಕಿವಿಗಿಂತ ಮುಂದೆ ಓಡಿತು. ಹೆಡ್‌ಫೋನನ್ನು ಮೊಬೈಲಿನ ಬಾಯಿಗೆ ಹಿಡಿದು ಮತ್ತೊಮ್ಮೆ ಹಚ್ಚಿ ರೆಕಾರ್ಡ್ ಮಾಡಿಕೊಂಡಳು. ಸಂಜೆ ಬಸ್ಸಿನಲ್ಲಿ, ಬೇರೊಂದು ನಂಬರಿನಿಂದ, ಊರಿನ ರೈತರ ಗುಂಪಿಗೆ ಕಳಿಸಿದಳು. ಬಸ್ಸು ಊರಿಗೆ ಬರುವಷ್ಟರಲ್ಲಿ ಕ್ಲಿಪ್ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು.

ಆ ವರ್ಷವಿಡೀ ಅವಳು ಮಾವನೊಂದಿಗೆ ಮಾತಾಡಲಿಲ್ಲ. ಎಡಗೈಯಲ್ಲಿ ರೊಟ್ಟಿ ಹಾಕುತ್ತಿದ್ದಳು, ನೀಲಕ್ಕ ನೋಡದಿದ್ದಾಗ. ಅವನು ಆ ಕೈಯನ್ನು ನೋಡಿ, “ಸಾಕವ್ವ” ಎನ್ನುತ್ತಿದ್ದ. ಬೇರೆ ಏನೂ ಅನ್ನಲಿಲ್ಲ. ಯಾರೂ ಕೇಳದ ಜಮಖಾನೆಗಳನ್ನು ದಿನಾ ಬಿಸಿಲಿಗೆ ಹಾಕಿ, ಜಾಡಿಸಿ, ಮತ್ತೆ ಮಡಚಿ ಇಡುತ್ತಿದ್ದ. ಇವತ್ತು ನಸುಕಿನಲ್ಲೂ ಹಾಗೆ ಬಿಸಿಲಿಗೆ ಹಾಕಲು ಎತ್ತುತ್ತಿದ್ದವನು ಮಡಿಕೆಯ ಮೇಲೆಯೇ ಒರಗಿದ. ಮಲಗಿದ್ದಾನೆಂದು ತಿಳಿದು ಅವಳು ದಾಟಿ ಹೋಗಿದ್ದಳು.

*

ಜುಲೇಖಾಬಿ ನವಲಗುಂದದಿಂದ ಬಂದಾಗ ಬಿಸಿಲು ಏರಿತ್ತು. ಅವಳ ಸೊಸೆ ಮುಬಶಿರಾ ಸ್ಕೂಟರಿನಲ್ಲಿ ತಂದು ಇಳಿಸಿದಳು. ಅಂದಾನೆಪ್ಪನ ಜಮಖಾನೆಗಳೆಲ್ಲ ಈ ಅತ್ತೆ ಸೊಸೆಯ ಮಗ್ಗದಿಂದ ಬಂದವು. ಮುದುಕಿ ಒಳಗೆ ಹೋಗಿ ಹೆಣದ ಮುಂದೆ ನಿಂತು ಬಂದಳು. ಹೊರಗೆ ಬಂದು, ಓಣಿಯ ಆಚೆ ನಿಂತವರನ್ನೊಮ್ಮೆ, ಖಾಲಿ ಹಾಸಿಗೆಯನ್ನೊಮ್ಮೆ ನೋಡಿದಳು. ಚಪ್ಪಲಿ ಬಿಟ್ಟು ಜಮಖಾನೆಯ ನಟ್ಟನಡುವೆ ಕಾಲು ಚಾಚಿ ಕೂತಳು.

“ಯಾಕ ಅಲ್ಲೇ ನಿಂತೀರೋ? ಚೇಳು ಅದಾವೇನ ಇದರಾಗ? ನನ್ನ ಕೈಲೆ ನೇಯ್ದದ್ದಿದು, ನನಗ ಗೊತ್ತಿಲ್ದ ಚೇಳು ಎಲ್ಲಿಂದ ಬಂತು?”

ಮಲ್ಲಕ್ಕ ಮೊದಲು ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಶಿದ್ಲಿಂಗಪ್ಪ. ಉಳಿದವರು ನೆಲ ನೋಡಿದರು.

ರೋಹಿಣಿ ನೀರು ತಂದಾಗ ಮುದುಕಿ ಅವಳ ಕೈ ಹಿಡಿದು ಎದ್ದು, ಮನೆಯ ಪಕ್ಕದ ಸಂದಿಗೆ ಕರೆದುಕೊಂಡು ಹೋದಳು.

“ನಮ್ಮ ಮನ್ಯಾಗ ಕಸಬಿನ ಗುಟ್ಟು ಸೊಸಿಗೆ ಕಲಸ್ತೀವಿ ಬೇಟಾ, ಮಗಳಿಗೆ ಕಲಸಾಂಗಿಲ್ಲ. ಮಗಳು ಹೋಗಾಕಿ, ಸೊಸಿ ಇರಾಕಿ. ಅದಕ್ಕ ಇದನ್ನೂ ನಿನಗ ಹೇಳತೇನಿ. ನೀಲವ್ವಗ ಹೇಳಿದ್ರ ಆಕಿ ಹೆಣಾ ಬಿಟ್ಟು ಕುಡಗೋಲು ಹಿಡಕೊಂಡು ಹೊಂಡತಾಳ. ನಿಮ್ಮ ಮಾಮಾ ಆ ಫೋನು ಮಾಡಿದ್ದು ನಮ್ಮ ಮಗ್ಗದ ಕೋಣ್ಯಾಗ. ಮುಬಶಿರಾ ನೇಯಾಕ ಹತ್ತಿದ್ಲು. ಪಂಜಾದಿಂದ ನೂಲು ಬಡಿಯೂ ಸಪ್ಪಳದಾಗ ತನ್ನ ಮಾತು ಹೊರಗ ಯಾರಿಗೂ ಕೇಳಾಂಗಿಲ್ಲ ಅಂತ ಅಂವ ಯಾವಾಗ್ಲೂ ಅಲ್ಲೇ ಬಂದು ಮಾತಾಡ್ತಿದ್ದಾ.”

ಧಪ್, ಧಪ್. ರೋಹಿಣಿಗೆ ಕಿವಿಯೊಳಗೆ ಕೇಳಿಸಿತು.

“ಆ ಕ್ಲಿಪ್ಪಿನ್ಯಾಗ ಅರ್ಧಾ ಐತಿ. ಪೂರಾ ನಾ ಕೇಳೇನಿ, ಮುಬಶಿರಾನೂ ಕೇಳ್ಯಾಳ. ‘ಅಂವನ ಮುಂದ ಕುಂದ್ರಾಂವ’ ಅಂದಾ. ಆಮ್ಯಾಲ ಏನಂದಾ ಗೊತ್ತೈತೇನು? ‘ಅಂವಗ ಒಂದೇಟೂ ಬೀಳಬಾರದ್ರಿ ಸಾಹೇಬ್ರ, ಅಂವ ನಮ್ಮ ಸೊಸಿ ತಮ್ಮ. ಗುರ್ತ ಸಿಗ್ಲೆಂತ ಹೇಳಾಕ ಹತ್ತೇನಿ. ಕಲ್ಲು ಬಡಿಗಿ ಏನೂ ಇಲ್ರಿ ಅಲ್ಲೆ, ಜಮಖಾನಿ ನಾನ ಹಾಸೇನಿ.’ ಅದನ್ನ ಯಾರೋ ಕತ್ತರಿಸ್ಯಾರ.”

ರೋಹಿಣಿ ನೀರಿನ ಚಂಬನ್ನು ಕೆಳಗಿಟ್ಟಳು.

“ಮಂದಿಗೆ ಪೂರಾ ಹೇಳೋ ಅಂತ ಬೈದೆ ಅವಗ. ಏನಂದಾ? ‘ಪೂರಾ ಮಾತು ಹೇಳಿದ್ರ ಅರ್ಧಾ ಹೊರಗ ಹಾಕಿದವ್ರು ಯಾರಂತ ಹುಡುಕ್ತಾರ ಜುಲೇಖಾಬಿ. ಹುಡುಕೋತ ಬಂದ್ರ ನಮ್ಮ ಮನಿಗೇ ಬರ್ತಾರ. ಸುಮ್ನಿರು.’ ನನಗೇನೂ ತಿಳೀಲಿಲ್ಲವ್ವ. ನಿಮ್ಮ ಮನ್ಯಾಗ ಯಾರದಾರ? ಸಂಗುಗ ಮೊಬೈಲ್ ಒತ್ತಾಕ ಸೈತ ನೆಟ್ಟಗ ಬರಾಂಗಿಲ್ಲ.” ಮುದುಕಿ ಅವಳ ಮುಖ ನೋಡಿದಳು. “ನೀ ಅಂಥ ಆಫೀಸಿನ್ಯಾಗ ಇರ್ತೀಯಲ್ಲ. ಕತ್ತರಿಸಿದವ್ರು ಯಾರಂತ ಹುಡುಕು. ಹುಡುಕಿ ಅವನ್ನ ಬಿಡಬ್ಯಾಡ. ಯಾಕ ಬೇಟಾ, ಬೆವರಾಕ ಹತ್ತೀಯಲ್ಲ?”

“ಏನಿಲ್ರಿ. ಬೆಳಗಿಂದ ಏನೂ ತಿಂದಿಲ್ಲ” ಎಂದಳು ರೋಹಿಣಿ.

ಮುದುಕಿ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಬಾಗಿಲ ಬಳಿಯ ಮರದ ಪೆಟ್ಟಿಗೆ ಕಣ್ಣ ಮುಂದೆ ಬಂತು. ಅಷ್ಟು ವರ್ಷಗಳಲ್ಲಿ ಆ ಪೆಟ್ಟಿಗೆಯ ಹೊರಗೆ ಉಳಿದ ಮೊಬೈಲು ಒಂದೇ ಒಂದು. ಉಳಿದದ್ದು ಒಂದೇ ಮಧ್ಯಾಹ್ನ. ಊಟಕ್ಕೆ ಹೋಗುತ್ತೇನೆಂದವನ ಡಬ್ಬಿ ಅವತ್ತು ಅವನ ಟೇಬಲ್ಲಿನ ಮೇಲೆಯೇ ಇತ್ತು. ಅದನ್ನು ಅವಳು ನೋಡಿದ್ದಳು.

ಸೇಡು ಎಂದು ತಾನು ಇಷ್ಟು ದಿನ ಇಟ್ಟುಕೊಂಡಿದ್ದು ಸೇಡಲ್ಲ, ಬೇರೆಯವರ ಕೈಯ ಬಡಿಗೆ ಎಂದು ಗೊತ್ತಾಯಿತು. ನಿಜವಾದದ್ದು ಈಗ ಹುಟ್ಟಿತು. ಅದರ ಜೊತೆಗೇ ಅದರ ಬೆಲೆಯೂ ಗೊತ್ತಾಯಿತು. ಅವನ ಹೆಸರು ಹೇಳಬೇಕೆಂದರೆ ಮೊದಲು ತನ್ನ ಹೆಸರು ಹೇಳಬೇಕು.

*

ಭೀಮೇಶ ಬಂದಾಗ ಹೆಣ ಕೂರಿಸಿದ ವಿಮಾನವನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ಬಿಳಿ ಅಂಗಿ, ಕೈಯಲ್ಲಿ ಗುಲಾಬಿ ಹಾರ. ವಿಚಾರಣೆಯ ವರದಿಯಲ್ಲಿ ಮೊದಲು ಕಲ್ಲು ತೂರಿದವರು ರೈತರೇ ಎಂದು ಬಂದ ಮೇಲೆ ಅವನಿಗೆ ಬಡ್ತಿಯಾಗಿತ್ತು. ನೀಲಕ್ಕ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ನೀವು ಯಾರ್ರಿ?”

“ಹಳೇ ಗುರ್ತಾ ರೀ ಅವ್ವಾರ. ಮೈಕ್ ಒಯ್ತಿದ್ವಿ ಇವ್ರಕಡಿಂದ.” ಹಾರ ಹಾಕಿದ. ಕೈ ಮುಗಿದ. ಎಲ್ಲ ಚೆನ್ನಾಗಿ ಮಾಡಿದ.

ಬಾವಿಗಟ್ಟೆಯ ಬಳಿ ರೋಹಿಣಿ ಒಬ್ಬಳೇ ಕೊಡ ತೊಳೆಯುತ್ತಿದ್ದಾಗ ಹತ್ತಿರ ಬಂದ.

“ಅಗದಿ ಸಮಾಧಾನದ ಮನಶ್ಯಾ ಇದ್ರು ನಿಮ್ಮ ಮಾವ. ನೀವು ಗಟ್ಟಿ ಆಗ್ರಿ. ನಿಮ್ಮ ಕೆಲಸಾ ಪರ್ಮನೆಂಟ್ ಮಾಡ್ಸೂಣು, ನಾ ಮಾತಾಡೇನಿ.”

“ಹೌದ್ರಿ ಸರ್.”

“ಮತ್ತ...” ದನಿ ಇಳಿಸಿದ. “ಹಳೇದೇನೂ ಕೆದರಬ್ಯಾಡ್ರಿ. ಯಾವ ಮೊಬೈಲ್‌ನಿಂದ ಏನ್ ಹೋತು ಅನ್ನೂದು ನಮಗ ಅವತ್ತ ಗೊತ್ತಿತ್ತು. ನಾನ ಮುಚ್ಚಿ ಇಟ್ಟೇನಿ. ನನ್ನ ಕೈ ಇರೂ ಮಟ ನಿಮಗೇನೂ ಆಗಾಂಗಿಲ್ಲ.”

ಅವಳು ಕೊಡವನ್ನು ಕವುಚಿ ಇಟ್ಟಳು.

“ಸರ್, ಅವತ್ತ ನೀವು ಊಟ ಮಾಡಿದ್ರೇನ್ರಿ?”

“ಯಾವತ್ತ?”

“ಪೆನ್ ಡ್ರೈವ್ ಕೊಟ್ಟ ದಿನ.”

ಭೀಮೇಶ ಅವಳನ್ನು ನೋಡಿದ. ನಗು ಇನ್ನೂ ಮುಖದ ಮೇಲಿತ್ತು, ತೆಗೆಯಲು ಮರೆತಂತೆ. “ಮ್ಯಾಲಿನವ್ರು ಹೇಳಿದ್ದು ಮಾಡೂದು ಅಷ್ಟ ನಮ್ಮ ಕೆಲಸಾ” ಎಂದ. “ನಿಮ್ದೂ ಅಷ್ಟ.”

“ಮಣ್ಣಿಗೆ ಬರ್ರಿ ಸರ್” ಎಂದಳು ರೋಹಿಣಿ. “ಇಲ್ಲೀಮಟ ಬಂದೀರಿ. ಮಣ್ಣು ಕೊಟ್ಟ ಹೋಗ್ರಿ.”

*

ಟ್ರ್ಯಾಕ್ಟರು ಮುಂದೆ, ಮಂದಿ ಹಿಂದೆ. ಹೂವಿನ ವಿಮಾನದಲ್ಲಿ ಅಂದಾನೆಪ್ಪ ಕೂತಿದ್ದ, ಗದ್ದಕ್ಕೆ ಹೆಂಡತಿಯ ಸೀರೆಯ ಪಟ್ಟಿ, ಹಣೆ ತುಂಬ ವಿಭೂತಿ. ಟ್ರೇಲರಿನ ಮೂಲೆಯಲ್ಲಿ ಅವನದೇ ಬ್ಯಾಟರಿ, ಅವನದೇ ಆಂಪ್ಲಿಫೈಯರ್, ಬಿದಿರಿಗೆ ಕಟ್ಟಿದ ಅವನದೇ ಹಾರ್ನು. ಭಜನೆಯವರು ಹಾಡುತ್ತಿದ್ದರು. ಮೈಕು ಆಗಾಗ ಕುಯ್ಯೆನ್ನುತ್ತಿತ್ತು. ಅದನ್ನು ಸರಿ ಮಾಡಬೇಕಾದವನು ಪಕ್ಕದಲ್ಲೇ ಸುಮ್ಮನೆ ಕೂತಿದ್ದ.

ದಾರಿಯ ಎರಡೂ ಬದಿಗೆ ಎರಿ ಹೊಲ, ಅದರಾಚೆ ಬಿಸಿಲಿಗೆ ಹೊಳೆಯುವ ಕರಿ ಗಾಜಿನ ಸಾಲುಗಳು. ಈರೇಶ ಎಲ್ಲರಿಗಿಂತ ಹಿಂದೆ, ಯಾರ ಜೊತೆಗೂ ಇಲ್ಲದಂತೆ ಬರುತ್ತಿದ್ದ. ಯಾಕೆ ಬಂದೆಯೆಂದು ಮಲ್ಲಕ್ಕ ಕೇಳಿದ್ದಕ್ಕೆ, “ಅಂವ ಒಳಗ ಇಳಿಯೂದನ್ನ ಒಂದು ಕಣ್ಣಿಂದರ ನೋಡಬೇಕು” ಎಂದಿದ್ದ.

ಕುಣಿಯಲ್ಲಿ ಅಯ್ಯನವರು ಪತ್ರೆ, ವಿಭೂತಿ ಹಾಕಿ, ಹೆಣವನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟರು. ಮೇಲೆ ಬಂದು ಕೈ ಜಾಡಿಸಿ, “ಮಣ್ಣು ಕೊಡ್ರಿ. ಮನಿಯವ್ರು ಮೊದ್ಲು” ಎಂದರು.

ಸಂಗನಬಸವ ಕೊಟ್ಟ. ನೀಲಕ್ಕ ಹಿಡಿ ತುಂಬ ತೆಗೆದುಕೊಂಡು, ಹಾಕುವ ಮುಂಚೆ ಎಲ್ಲರ ಕಡೆ ತಿರುಗಿದಳು.

“ಕೇಳ್ರಿ. ಇವರ ದನಿ ಹೊರಗ ಹಾಕಿದವ್ರು ಇಲ್ಲಿದ್ರ ಮಣ್ಣು ಮುಟ್ಟಬ್ಯಾಡ್ರಿ. ಮುಟ್ಟಿದ್ರ ಅದು ಅವರ ಬಾಯಾಗ ಬೀಳಲಿ.”

ಅವಳು ಮಣ್ಣು ಬಿಟ್ಟಳು.

ಈಗ ಸೊಸೆಯ ಸರದಿ. ರೋಹಿಣಿ ಬಗ್ಗಿದಳು. ಕರಿ ಮಣ್ಣು ಒಳಗೆ ಇನ್ನೂ ತೇವವಾಗಿತ್ತು, ಅಂಗೈಗೆ ಅಂಟಿತು. ಕುಣಿಯೊಳಗೆ ಮಾವನ ಬೋಳು ನೆತ್ತಿ, ಅದರ ಮೇಲೆ ತಾನು ಹರಿದುಕೊಟ್ಟ ಪಟ್ಟಿಯ ಗಂಟು ಕಾಣುತ್ತಿತ್ತು. ಹಿಡಿಯನ್ನು ಅವಳು ಒಳಗೆ ಬಿಡಲಿಲ್ಲ. ಒಂದು ಚಿಟಿಕೆ ಮುರಿದು ಬಾಯಲ್ಲಿ ಹಾಕಿಕೊಂಡಳು.

ಅದನ್ನು ನೋಡಿದವಳು ನೀಲಕ್ಕ ಒಬ್ಬಳೇ. ಸೊಸೆಯ ತುಟಿಯ ಮೇಲಿನ ಕರಿ ಗೆರೆಯನ್ನು ಅವಳು ನೋಡಿದಳು. ನೋಡುತ್ತಲೇ ಇದ್ದಳು. ರೋಹಿಣಿಯ ರಟ್ಟೆಗೆ ಕೈ ಹಾಕಿದಳು. ಬೆರಳು ಮಾಂಸದೊಳಗೆ ಇಳಿಯುವಷ್ಟು ಬಿಗಿಯಾಗಿ ಹಿಡಿದಳು.

“ಅತ್ತೀ” ಎಂದಳು ರೋಹಿಣಿ, ಅವಳಿಗಷ್ಟೇ ಕೇಳುವಂತೆ. “ನನಗ ಆಮ್ಯಾಲ ಏನ್ ಬೇಕಾದ್ದು ಮಾಡ್ರಿ. ಈಗ ಬಿಡ್ರಿ. ಇನ್ನೊಬ್ಬಾಂವ ಅದಾನ.”

ನೀಲಕ್ಕ ಸೊಸೆಯ ಕಣ್ಣು ಹೋದ ಕಡೆ ನೋಡಿದಳು. ಬಿಳಿ ಅಂಗಿಯವನು ಅಂಗಿಯ ತೋಳು ಮೇಲೇರಿಸಿ, ಮಣ್ಣಿನ ಗುಂಪೆಗೆ ಬಗ್ಗುತ್ತಿದ್ದ. ಅವಳ ಬೆರಳುಗಳು ಒಂದೊಂದಾಗಿ ಸಡಿಲವಾದವು.

ರೋಹಿಣಿ ಟ್ರೇಲರ್ ಹತ್ತಿದಳು. ಭಜನೆಯವರು ಅರ್ಥವಾಗದೆ ಸರಿದುಕೊಂಡರು. “ಏ ರೋಹಿಣಿ, ಏನ್ ಮಾಡಾಕ ಹತ್ತೀ?” ಎಂದು ಸಂಗನಬಸವ ಕೆಳಗಿನಿಂದ ಕೇಳಿದ. ಅವಳು ಗಂಡನನ್ನು ನೋಡಲಿಲ್ಲ, ನೋಡಿದರೆ ಆಗುತ್ತಿರಲಿಲ್ಲ. ಮೈಕು ಕೈಗೆ ತೆಗೆದುಕೊಂಡಳು. ಹಲ್ಲಿನ ನಡುವೆ ಮಣ್ಣು ಕರಕರ ಎನ್ನುತ್ತಿತ್ತು. ಊದಲಿಲ್ಲ. ಉಗುರಿನಿಂದ ಎರಡು ಸಲ ತಟ್ಟಿದಳು.

ಟಕ್. ಟಕ್.

ಹಾರ್ನಿನಿಂದ ಹೊರಟ ಸದ್ದು ಕುಣಿಯ ಮೇಲೆ, ಹೊಲದ ಮೇಲೆ, ಕರಿ ಗಾಜುಗಳ ಮೇಲೆ ಹಾದುಹೋಯಿತು. ಊರಿಗೆ ಊರೇ ಕತ್ತೆತ್ತಿತು. ಎಷ್ಟೋ ಜನ ಒಮ್ಮೆ ಕುಣಿಯ ಕಡೆ ನೋಡಿದರು. ಭೀಮೇಶ ಮುಷ್ಟಿಯಲ್ಲಿ ಮಣ್ಣು ಹಿಡಿದು, ಅರ್ಧ ಬಗ್ಗಿದವನು ಹಾಗೆಯೇ ನಿಂತ. ಅವನಿಗೂ ಕುಣಿಗೂ ನಡುವೆ ನೀಲಕ್ಕ ಬಂದು ನಿಂತಿದ್ದಳು.

“ಹಿಂದಿನವ್ರಿಗೆ ಕೇಳಸ್ತೈತಿ?” ಎಂದಳು ರೋಹಿಣಿ.

ಯಾರೂ ಮಿಸುಕಲಿಲ್ಲ. ಅವಳು ಕಾದಳು. ಎಲ್ಲರ ಹಿಂದೆ, ಹೊಲದ ಬದುವಿನ ಮೇಲೆ, ಕರಿ ಕನ್ನಡಕ ತೆಗೆದು ಈರೇಶ ಒಂದು ಕೈ ಎತ್ತಿದ.